ಎರಡು ಬೆರಳಗಲ ಜಾಗ

ಪುಟ್ಟಲಕ್ಷ್ಮಿ ಕರಟದಲ್ಲಿ ಮಸಿಬಿಲ್ಲೆ ಕದಡುತ್ತಿದ್ದಳು. ಬಿಲ್ಲೆ ಬೇಗ ಕರಗಲಿ ಎಂದು ಉಗುರುಬೆಚ್ಚಗಿನ ನೀರು ಹಾಕಿದ್ದಳು. ಬೇವಿನ ಕಡ್ಡಿಯಿಂದ ತಿರುವಿದಂತೆಲ್ಲ ನೀರು ಮೊದಲು ನೇರಳೆಯಾಯಿತು, ಆಮೇಲೆ ಕಪ್ಪಾಯಿತು. ಮಾವ ಅಂದಾನಯ್ಯ ಕಂಬಕ್ಕೆ ಒರಗಿ ಅಡಿಕೆ ಕತ್ತರಿಸುತ್ತಿದ್ದರು. ಅತ್ತೆ ಚಿಕ್ಕಬೋರಮ್ಮ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದರು. ಓರಗಿತ್ತಿ ಬೆಟ್ಟಮ್ಮ ಅಡಿಗೆಮನೆಯ ಬಾಗಿಲಲ್ಲಿ ಕೂತು ಒಂದು ತಟ್ಟೆಯನ್ನೇ ನೋಡುತ್ತಿದ್ದಳು. ಅದರಲ್ಲಿ ಅವಳ ಗಂಡ ನಂಜಪ್ಪ ಮುಟ್ಟದೆ ಬಿಟ್ಟುಹೋದ ಮುದ್ದೆ ಇತ್ತು. ಮುದ್ದೆಯ ಮೇಲೆ ಆಗಲೇ ಪೊರೆ ಕಟ್ಟಿತ್ತು.

ನಂಜಪ್ಪ ಎದ್ದುಹೋಗಿದ್ದು ತಮ್ಮನ ಸಲುವಾಗಿ. ತಮ್ಮನೆಂದರೆ ಪುಟ್ಟಲಕ್ಷ್ಮಿಯ ಗಂಡ ಚಿಕ್ಕಸ್ವಾಮಿ. ಹೊಳೆಯಾಚೆಯ ಗದ್ದೆಯಲ್ಲಿ ಕಳೆ ಪೈರನ್ನು ಮೀರಿ ನಿಂತಿತ್ತು. ಆಳು ಸಿಗುತ್ತಿರಲಿಲ್ಲ. ಇಬ್ಬರು ಮಾಡಬೇಕಾದ್ದನ್ನು ನಂಜಪ್ಪ ಒಬ್ಬನೇ ಮಾಡುತ್ತಿದ್ದ. ತಮ್ಮ ಕಲ್ಕತ್ತೆ ಸೇರಿ ಇಪ್ಪತ್ತು ದಿನವಾಗಿತ್ತು. "ಅವ ನೀರಾಡ್ತಾವ್ನೆ, ನಾ ಕೆಸರಾಡ್ತಾವ್ನಿ. ಊಟಕ್ಕೆ ಕೂತಾಗ ಮಾತ್ರ ಅವನ ಸುದ್ದಿ ನಂಗೆ ಬಡಿಸ್ತೀರಿ" ಎಂದು ಎದ್ದವನು ತಟ್ಟೆ ಹಾಗೇ ಬಿಟ್ಟು ಹೋಗಿದ್ದ.

ಮಸಿ ಆಯಿತು. ಪುಟ್ಟಲಕ್ಷ್ಮಿ ಕಾರ್ಡು ತೆಗೆದುಕೊಂಡು ಮಣೆಯ ಮೇಲಿಟ್ಟಳು. ಮಾವ ಅಡಿಕೆಯನ್ನು ದವಡೆಗೆ ಸೇರಿಸಿ, "ಬರ್ಕೊ" ಅಂದರು.

ಆ ಮನೆಯಲ್ಲಿ ಚಿಕ್ಕಸ್ವಾಮಿಯನ್ನು ಬಿಟ್ಟರೆ ಓದುಬರಹ ಬಲ್ಲವಳು ಪುಟ್ಟಲಕ್ಷ್ಮಿ ಒಬ್ಬಳೇ. ಬೂಕನಕೆರೆಯ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಓದಿದ್ದಳು. ಅಷ್ಟರಲ್ಲಿ ಮನೆಯಲ್ಲಿ ತಮ್ಮ ಹುಟ್ಟಿದ. ಅವನನ್ನು ಎತ್ತಿಕೊಳ್ಳಲು ಒಬ್ಬರು ಬೇಕಾಗಿತ್ತು. ಗಂಜಾಮಿಗೆ ಮದುವೆಯಾಗಿ ಬಂದ ಮೇಲೆ ಅವಳಿಗೆ ಅಕ್ಷರ ಬರುತ್ತದೆಂಬುದು ಒಂದು ವರ್ಷ ಯಾರಿಗೂ ಗೊತ್ತಿರಲಿಲ್ಲ. ಅವಳಾಗಿ ಹೇಳಿರಲಿಲ್ಲ. ಗಂಡ ಊರು ಬಿಟ್ಟು ಮೊದಲ ಕಾಗದ ಬಂದ ದಿನ ಮಾವ ಅದನ್ನು ಹಿಡಿದುಕೊಂಡು ಬೀದಿಗೆ ಹೊರಟಿದ್ದರು, ಓದುವವರನ್ನು ಹುಡುಕಿಕೊಂಡು. ಅವಳು ಬಾಗಿಲ ಹಿಂದಿನಿಂದ, "ನಂಗೆ ಬತ್ತದೆ, ಮಾವ" ಅಂದಿದ್ದಳು.

"ಏನ್ ಬರ್ದೆ, ಓದು" ಅಂದರು ಈಗ ಮಾವ.

"ಚಿರಂಜೀವಿ..." ಎಂದು ಪುಟ್ಟಲಕ್ಷ್ಮಿ ನಿಲ್ಲಿಸಿದಳು.

"ಚಿಕ್ಕಸ್ವಾಮಿ" ಅಂದರು ಅತ್ತೆ, ಮೊರದಿಂದ ಕಣ್ಣೆತ್ತದೆ.

"...ಗೆ ನಿಮ್ಮ ತಂದೆಯವರು ಮಾಡುವ ಆಶೀರ್ವಾದ. ಇತ್ತ ಕ್ಷೇಮ."

ಗಂಡನ ಹೆಸರನ್ನು ಬಾಯಿಂದ ಆಡಬಾರದು. ಬರೆಯಬಹುದೇ ಎಂಬ ಮಾತು ಬಂದಾಗ ಅತ್ತೆ ಒಂದು ಹೊತ್ತು ಯೋಚಿಸಿ, ಬರೆದರೆ ಶಬ್ದ ಬರುವುದಿಲ್ಲವಲ್ಲ, ಬರೆಯಲಿ ಎಂದು ತೀರ್ಪು ಕೊಟ್ಟಿದ್ದರು. ಹಾಗಾಗಿ ಬರೆಯುವಾಗ ಪುಟ್ಟಲಕ್ಷ್ಮಿಯ ಕೈ ಆ ಹೆಸರಿನ ಮೇಲೆ ಸ್ವಲ್ಪ ನಿಧಾನವಾಗುತ್ತಿತ್ತು. ಬೇರೆ ಅಕ್ಷರಗಳಿಗಿಂತ ಆ ನಾಲ್ಕಕ್ಷರ ದುಂಡಗಿರುತ್ತಿದ್ದವು. ಬೆಟ್ಟಮ್ಮ ಓದು ಬಾರದವಳಾದರೂ ಅದನ್ನು ಕಂಡುಹಿಡಿದಿದ್ದಳು. "ಅಲ್ಲೊಂದು ಕಡೆ ರಂಗೋಲಿ ಬುಟ್ಟಂಗೆ ಬರೀತೀಯಲ್ಲಮ್ಮಿ, ಅದೇ ನನ್ ಮೈದುನ ತಾನೆ?" ಎಂದು ಕೆಣಕುತ್ತಿದ್ದಳು.

ಚಿಕ್ಕಸ್ವಾಮಿ ಕಲ್ಕತ್ತೆಗೆ ಹೋದದ್ದು ಹೀಗೆ. ಅವರ ಗದ್ದೆ ಇರುವುದು ಹೊಳೆಯಾಚೆ. ಮನೆಯಿಂದ ಮೆಟ್ಟಿಲಿಳಿದರೆ ನೀರು. ಹರಿಗೋಲಿಗೆ ಕಾಯುವ ತಾಳ್ಮೆ ಅವನಿಗಿರಲಿಲ್ಲ. ಅಣ್ಣನಿಗೆ ಬುತ್ತಿ ಒಯ್ಯುವಾಗ ಮುದ್ದೆಯನ್ನೂ ಸಾರಿನ ತಂಬಿಗೆಯನ್ನೂ ಬಟ್ಟೆಯಲ್ಲಿ ಕಟ್ಟಿ ತಲೆಯ ಮೇಲಿಟ್ಟುಕೊಂಡು ಈಜಿಬಿಡುತ್ತಿದ್ದ. ತಂಬಿಗೆಯ ಸಾರು ತುಳುಕುತ್ತಿರಲಿಲ್ಲ. ಒಂದು ದಿನ ಮೈಸೂರಿನ ಈಜು ಮೇಷ್ಟ್ರೊಬ್ಬರು ತಮ್ಮ ತಂದೆಯ ಬೂದಿ ಬಿಡಲು ಹೊಳೆಗೆ ಬಂದವರು ಇದನ್ನು ನೋಡಿದರು. ಕೈಲಿದ್ದ ಗಡಿಯಾರ ನೋಡಿಕೊಂಡರು. ಮಡಿಬಟ್ಟೆಯಲ್ಲೇ ಮನೆಗೆ ಬಂದು, ಈ ಹುಡುಗನನ್ನು ನನಗೆ ಕೊಡಿ ಎಂದು ಕೇಳಿದರು. ಆರು ತಿಂಗಳು ಮೈಸೂರಲ್ಲಿ ಕಲಿಸಿದರು. ಕಲ್ಕತ್ತೆಯಲ್ಲಿ ನಾಲ್ಕು ದೇಶದ ಗಂಡಸರು ಕೂಡುವ ಪಂದ್ಯ ನಡೆಯಲಿತ್ತು. ಅದಕ್ಕೆ ಅವನನ್ನು ಕರೆದುಕೊಂಡು ಹೋದರು.

ಹೊರಡುವ ದಿನ ಅವನು ಹಿತ್ತಲ ಬಾಗಿಲಲ್ಲಿ ಕಾಲು ತೊಳೆಯುವ ನೆಪಮಾಡಿ ನಿಂತಿದ್ದ. "ಗೆದ್ರೆ ಬೆಂಗಳೂರಲ್ಲಿ ಕೆಲ್ಸ ಕೊಡ್ತಾರಂತೆ. ಎರಡಂಕಣದ ಮನೇನೂ ಕೊಡ್ತಾರಂತೆ. ನಿನ್ನ ಕರ್ಕೊಂಡೋಗ್ತೀನಿ" ಅಂದ. ಸೋತರೆ ಏನು ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಚೊಂಬಿನ ನೀರು ಮುಗಿದಿತ್ತು. ಅತ್ತೆ ಕೂಗಿದರು.

ನೆನ್ನೆ ಬಂದ ಕಾಗದದಲ್ಲಿ ಚಿಕ್ಕಸ್ವಾಮಿ ಪಂದ್ಯದ ವಿವರ ಬರೆದಿದ್ದ. ಇಲ್ಲಿಯದು ಕಟ್ಟಿದ ಕೊಳ. ನೆಲಕ್ಕೆಲ್ಲ ಬಿಳಿ ಬಿಲ್ಲೆ ಹಾಸಿದ್ದಾರೆ, ಕೆಳಗೆ ಬಿದ್ದ ಉಂಗುರ ಮೇಲಿನಿಂದ ಕಾಣುತ್ತದೆ. ಐವತ್ತು ಗಜ ಉದ್ದ. ಹೋಗಿ ಬಂದರೆ ನೂರು ಗಜ. ಒಬ್ಬೊಬ್ಬರಿಗೂ ಒಂದೊಂದು ಹಾದಿ, ನಡುವೆ ಬೆಂಡು ಪೋಣಿಸಿದ ಹಗ್ಗ. ಬರ್ಮಾದವರು, ಸಿಂಹಳದವರು, ಜಪಾನಿನವರು ಬಂದಿದ್ದಾರೆ. ಇದಕ್ಕೆ ಫ್ರೀ ಸ್ಟೈಲ್ ಎನ್ನುತ್ತಾರೆ, ಯಾರು ಹೇಗೆ ಬೇಕಾದರೂ ಈಜಬಹುದು. ಅವಳು ಇದನ್ನು ಓದಿದಾಗ ಮಾವನಿಗೆ ನಂಬಿಕೆಯೇ ಬರಲಿಲ್ಲ.

"ನೂರು ಗಜವಾ? ನಮ್ಮನೆ ಎಮ್ಮೆ ಈಜ್ತದೆ ಅಷ್ಟ. ಅದ್ಕೆ ಜಪಾನಿಂದ ಬಂದವ್ರಾ?" ಅಂದರು. ಆಮೇಲೆ, "ಹೆಂಗ್ ಬೇಕಾದ್ರೂ ಈಜ್ಬೋದು ಅಂದ್ಮೇಲೆ ಅಗ್ಗ ಯಾಕ್ ಕಟ್ಟವ್ರೆ?" ಎಂದು ಕೇಳಿದರು.

ಕಾಗದದ ಕೊನೆಗೆ ಇನ್ನೊಂದು ಸಂಗತಿ ಇತ್ತು. ಹೋಗುವಾಗ ಎಡಗಡೆಯ ಹಗ್ಗಕ್ಕೂ ಬರುವಾಗ ಬಲಗಡೆಯ ಹಗ್ಗಕ್ಕೂ ನನ್ನ ಕೈ ತಾಗುತ್ತದೆ, ದಿನವೂ ಮೇಷ್ಟ್ರು ಬಯ್ಯುತ್ತಾರೆ, ಯಾಕೆ ಹೀಗಾಗುತ್ತದೆಂದು ಅವರಿಗೂ ತಿಳಿಯದು ನನಗೂ ತಿಳಿಯದು ಎಂದು ಬರೆದಿದ್ದ. ಅದಾದ ಮೇಲೆ ಎಂದಿನಂತೆ, ಮನೆಯವರೆಲ್ಲರೂ ಕ್ಷೇಮವೆಂದು ನಂಬಿದ್ದೇನೆ ಎಂಬ ಸಾಲು. ಪುಟ್ಟಲಕ್ಷ್ಮಿ ಪ್ರತಿಸಲವೂ ಆ ಸಾಲನ್ನು ಉಳಿದುದಕ್ಕಿಂತ ಮೆಲ್ಲಗೆ ಓದುತ್ತಿದ್ದಳು. ಆ ಎಲ್ಲರೊಳಗೆ ತಾನೂ ಒಬ್ಬಳು.

ಮಾವ ಈಗ ಹೇಳಿ ಬರೆಸಿದ್ದು ಆ ಹಗ್ಗದ ಮಾತಿಗೆ ಉತ್ತರವನ್ನೇ. "ಯಾರ್ ಏನಾರ ಅನ್ಲಿ. ಹೊಳೇಲಿ ಎಂಗೆ ಈಜ್ತಿದ್ಯೋ ಅಂಗೇ ಈಜು. ನೀರು ಬರೋ ಕಡೀಕೆ ಮೇಲ್ಮುಖ ಹಿಡ್ಕೊಂಡೇ ಓಗು. ನಮ್ಮಪ್ಪ ನಂಗೆ ಕಲಿಸಿದ್ದು ಅದು, ನಾ ನಿಂಗೆ ಕಲಿಸಿದ್ದೂ ಅದು. ಅದ್ನ ಬುಟ್ಟೋನು ಯಾರೂ ದಡ ಸೇರಿಲ್ಲ ಅಂತ ಬರಿ."

ಪುಟ್ಟಲಕ್ಷ್ಮಿಯ ಲೇಖನಿ ಕಾರ್ಡಿನ ಮೇಲೆ ನಿಂತಿತು.

ಅವಳಿಗೆ ಹೋದ ವರ್ಷದ ಬೇಸಿಗೆ ನೆನಪಾಯಿತು. ಆ ಚೈತ್ರದಲ್ಲಿ ಮೇಲಿನ ಕನ್ನಂಬಾಡಿ ಕಟ್ಟೆಯಲ್ಲಿ ನೀರು ಹಿಡಿದಿದ್ದರು. ಮೆಟ್ಟಿಲ ಕೆಳಗೆ ಹೊಳೆ ಹರಿಯುವುದನ್ನೇ ಬಿಟ್ಟು ಕನ್ನಡಿಯ ಹಾಗೆ ನಿಂತಿತ್ತು. ಮೇಲೆ ಬಿದ್ದ ಅತ್ತಿಯೆಲೆ ಬಿದ್ದಲ್ಲೇ ಇತ್ತು. ಗಂಡ ಎದುರು ದಡದ ಒಗೆಯುವ ಬಂಡೆಗೆ ಗುರಿಯಿಟ್ಟು ಈಜಿದ. ಬಂಡೆಯ ಎಡಕ್ಕೆ ಹತ್ತು ಮಾರು ಆಚೆ ದಡ ಹತ್ತಿದ. ಹಿಂದಕ್ಕೆ ಬರುವಾಗ ಮೆಟ್ಟಿಲಿನ ಬಲಕ್ಕೆ ಬಂದು ಮುಳ್ಳುಕಂಟಿಯಲ್ಲಿ ಎದ್ದ. ನಕ್ಕ. ಮತ್ತೆ ಹೋದ, ಮತ್ತೆ ಹಾಗೇ. ಬಿಂದಿಗೆ ತೊಳೆಯುತ್ತ ಅವಳು ಮೂರು ಸಲ ನೋಡಿದಳು. ಹೋಗುವಾಗ ಎಡಕ್ಕೆ, ಬರುವಾಗ ಬಲಕ್ಕೆ. ಎರಡೂ ಸಲ ಕನ್ನಂಬಾಡಿಯ ಕಡೆಗೇ, ನೀರು ಬರುವ ಕಡೆಗೆ. ಹುಟ್ಟಿದಾಗಿನಿಂದ ಹೊಳೆ ಅವನನ್ನು ಕೆಳಕ್ಕೆ ತಳ್ಳಿತ್ತು, ಅವನು ಮೇಲಕ್ಕೆ ಎಳೆದುಕೊಂಡಿದ್ದ. ತಳ್ಳುವವರು ಇಲ್ಲದಿದ್ದರೂ ಅವನ ಕೈ ಎಳೆಯುತ್ತಿತ್ತು.

"ಯಾಕಮ್ಮಿ ನಿಲ್ಲಿಸ್ದೆ?" ಅಂದರು ಮಾವ.

"ಮಸಿ, ಮಾವ" ಅಂದಳು. ಲೇಖನಿಯನ್ನು ಕರಟದಲ್ಲಿ ಅದ್ದಿ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಳು. ಬರೆದಾದ ಮೇಲೆ ಕೆಳಗೆ ಎರಡು ಬೆರಳಗಲ ಜಾಗ ಉಳಿಯಿತು.

ಆ ಸಂಜೆ ಅತ್ತೆ ಸೊಸೆ ರಾಗಿ ಬೀಸಲು ಕೂತರು. ನಾಲ್ಕು ಸುತ್ತು ಬಂದ ಮೇಲೆ ಪುಟ್ಟಲಕ್ಷ್ಮಿ, "ಅತ್ತೆ, ಅಲ್ಲಿ ನೀರು ಅರಿಯಲ್ವಂತೆ" ಅಂದಳು.

"ಅರೀದಿರೋ ನೀರು ಯಾವ ನೀರಮ್ಮಿ, ಕೊಚ್ಚೆ."

"ಅರೀದಿದ್ರೆ ಮೇಲ್ಮುಖ ಇಡಿಯೋದು ಯಾಕೆ? ನೆಟ್ಟಗೆ ಓಗ್ಬೇಕಲ್ವಾ. ಕಾರ್ಡು ಇನ್ನೂ ಮನೇಲೇ ಐತೆ. ಮಾವಂಗೆ ನೀವು ಒಂದ್ ಮಾತು ಏಳಿದ್ರೆ..."

ಚಿಕ್ಕಬೋರಮ್ಮ ಬೀಸುವುದನ್ನು ನಿಲ್ಲಿಸಲಿಲ್ಲ. "ನಿನ್ ಗಂಡಂಗೆ ಈಜು ಕಲಿಸಿದ್ದು ನಿನ್ ಮಾವ. ನಿಂಗೆ ಮಂಡಿಯುದ್ದ ನೀರು ಕಂಡ್ರೆ ಕಾಲು ನಡುಗ್ತವೆ. ಬೂಕನಕೆರೇಲಿ ಯಾವ ಹೊಳೆ ಐತಮ್ಮಿ? ಬೀಸು."

ಅವಳು ಬೀಸಿದಳು.

ಮಾರನೆಯ ಬೆಳಿಗ್ಗೆ ಟಪಾಲು ದ್ಯಾವಯ್ಯ ಬಂದ. ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅವನಿಗೆ ಎಲ್ಲರ ಕಾರ್ಡನ್ನೂ ಓದುವ ಹಕ್ಕಿದೆ ಎಂದು ಅವನೇ ತೀರ್ಮಾನಿಸಿಕೊಂಡಿದ್ದ. "ಇಷ್ಟು ಜಾಗ ಬುಟ್ಟಿದ್ದೀರಲ್ಲ ಗೌಡ್ರೆ, ಸರ್ಕಾರಕ್ಕೆ ದಾನವಾ?" ಅಂದ.

"ಮಾತು ಮುಗೀತು, ಜಾಗ ಉಳೀತು. ತಕ್ಕೊಂಡೋಗು" ಅಂದರು ಅಂದಾನಯ್ಯ.

ಕಾರ್ಡು ಹೋಯಿತು.

ಗೌರಿ ಹಬ್ಬಕ್ಕೆ ಬೂಕನಕೆರೆಯಿಂದ ಪುಟ್ಟಲಕ್ಷ್ಮಿಯ ತಂದೆ ಚಿಕ್ಕಸಿದ್ದಯ್ಯ ಮೊರದ ಬಾಗಿನ ಹೊತ್ತುಕೊಂಡು ಬಂದರು. ಮಗಳನ್ನು ಎಂಟು ದಿನಕ್ಕೆ ಕಳಿಸಿಕೊಡಿ ಎಂದು ಕೇಳಿದರು. ಕಳೆ ಕೀಳುವುದು ಮುಗಿದಿಲ್ಲವೆಂದು ಅತ್ತೆ ರಾಗ ತೆಗೆದರು. ಆದರೂ ಇಲ್ಲವೆನ್ನಲಿಲ್ಲ. ಬರುವುದಿಲ್ಲ ಎಂದವಳು ಪುಟ್ಟಲಕ್ಷ್ಮಿಯೇ. ತಾನು ಹೋದ ಮೇಲೆ ಕಾಗದ ಬಂದರೆ ಓದುವವರು ಯಾರು ಎಂದಳು. ಚಿಕ್ಕಸಿದ್ದಯ್ಯ ಮಗಳ ಮುಖ ನೋಡಿ, "ಮೂರ್ನೇ ಕ್ಲಾಸಿಗೆ ಬುಡಿಸ್ದೆ ಅಂತ ನನ್ ಮೇಲೆ ಸಿಟ್ಟಿತ್ತು ನಿಂಗೆ. ಅಷ್ಟೇ ಎಚ್ಚಾಯ್ತು ನೋಡು" ಎಂದು ನಗಲು ನೋಡಿದರು. ಒಬ್ಬರೇ ವಾಪಸು ಹೋದರು.

ನಂಜಪ್ಪನಿಗೆ ಕಾಲಿನ ಬೆರಳ ಸಂದು ಕೆಸರಿಗೆ ಹುಣ್ಣಾಗಿತ್ತು. ಬೆಟ್ಟಮ್ಮ ದಿನಾ ಸಂಜೆ ಅರಿಸಿನ, ಹರಳೆಣ್ಣೆ ಹಚ್ಚುತ್ತಿದ್ದಳು. ಹಚ್ಚುತ್ತ ಎಲ್ಲರಿಗೂ ಕೇಳುವಂತೆ, ಕೆಲವರ ಗಂಡಂದಿರ ಕಾಲು ಬಿಳಿಬಿಲ್ಲೆಯ ಮೇಲೆ ಇರುತ್ತವೆ, ಕೆಲವರದು ಹೀಗೆ ಎನ್ನುತ್ತಿದ್ದಳು. ಪುಟ್ಟಲಕ್ಷ್ಮಿ ಎದ್ದು ಗದ್ದೆಗೆ ಹೋಗುವ ಬುತ್ತಿಯನ್ನು ತಾನೇ ಕಟ್ಟತೊಡಗಿದಳು. ತಾನೇ ಹರಿಗೋಲಿನಲ್ಲಿ ಕೂತು ಆಚೆ ದಡಕ್ಕೆ ಒಯ್ದಳು. ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ನೀರು ನೋಡದೆ, ಬುತ್ತಿಯನ್ನೇ ನೋಡುತ್ತ ಕೂರುತ್ತಿದ್ದಳು. ಮೂರು ದಿನ ಭಾವನೊಂದಿಗೆ ಕಳೆಯನ್ನೂ ಕಿತ್ತಳು. ನಾಲ್ಕನೆಯ ದಿನ ನಂಜಪ್ಪ ಊಟ ಮಾಡುತ್ತ, ಅವಳ ಕಡೆ ನೋಡದೆ, "ಪಂದ್ಯ ಯಾವತ್ತಂತೆ?" ಎಂದು ಕೇಳಿದ.

"ಅಮಾಸೆಗೆ ಮುಂಚಿನ ಭಾನುವಾರ, ಭಾವ. ಸಂಜೆ ನಾಕು ಗಂಟೆಗೆ."

"ಊಂ" ಅಂದ. ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಆ ಭಾನುವಾರ ನಂಜಪ್ಪ ಗದ್ದೆಯಿಂದ ಬೇಗ ಬಂದ. ಬಂದದ್ದಕ್ಕೆ ಎತ್ತಿನ ಕಾಲಿನ ಕಾರಣ ಹೇಳಿದ. ಅತ್ತೆ ಹೊಳೆಗೆ ಅರಿಸಿನ ಕುಂಕುಮ ಬಿಟ್ಟು ಬಂದಿದ್ದರು. ಮನೆಯಲ್ಲಿ ಗಡಿಯಾರವಿಲ್ಲ. ನೆರಳು ಹಿತ್ತಲ ಒರಳುಕಲ್ಲು ಮುಟ್ಟಿದರೆ ನಾಲ್ಕು ಗಂಟೆ ಎಂದು ಲೆಕ್ಕ. ಬೆಟ್ಟಮ್ಮ ಒಲೆಯ ಮುಂದೆ ಮುದ್ದೆ ಕಟ್ಟಲು ಕೂತಳು. ಮಾವ ಅಡಿಗೆಮನೆಯ ಹೊಸಿಲವರೆಗೆ ಬಂದು ನಿಂತರು, ಅವರು ಎಂದೂ ಅಲ್ಲಿಗೆ ಬಂದವರಲ್ಲ.

"ಎಷ್ಟೊತ್ತು ಈಜೋದಂತಮ್ಮಿ?" ಎಂದು ಕೇಳಿದರು.

"ಒಂದು ನಿಮಿಷದ ಮೇಲೆ ಚೂರು, ಮಾವ."

"ನಿಮಿಷ ಅಂದ್ರೆ ಎಷ್ಟು?"

ಪುಟ್ಟಲಕ್ಷ್ಮಿ ಯೋಚಿಸಿದಳು. "ಒಂದು ಮುದ್ದೆ ಕಟ್ಟೋಷ್ಟು" ಅಂದಳು.

ನೆರಳು ಒರಳು ಮುಟ್ಟಿತು. ಬೆಟ್ಟಮ್ಮ ಕೈ ಒದ್ದೆ ಮಾಡಿಕೊಂಡು ಹಿಟ್ಟಿನಲ್ಲಿ ಒಂದು ಪಾಲು ಮರಿಗೆಗೆ ಹಾಕಿ ಉರುಳಿಸತೊಡಗಿದಳು. ಎಲ್ಲರೂ ಆ ಮುದ್ದೆಯನ್ನೇ ನೋಡಿದರು. ಅವಳು ಬೇಕೆಂದೇ ನಿಧಾನ ಮಾಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಉರುಳಿ ಉರುಳಿ ಅದು ನುಣ್ಣಗೆ ದುಂಡಗಾಯಿತು. ತಟ್ಟೆಯಲ್ಲಿಟ್ಟು ಕೈ ಒರೆಸಿಕೊಂಡಳು.

"ಮುಗೀತು ಕಣಮ್ಮಿ ನಿನ್ ಗಂಡನ ಪಂದ್ಯ" ಅಂದಳು.

"ಇಷ್ಟೇನಾ?" ಅಂದರು ಚಿಕ್ಕಬೋರಮ್ಮ. "ಇಷ್ಟಕ್ಕೆ ಆರೇಳು ತಿಂಗಳು ಊರು ಬುಡಿಸಿದ್ರಾ?"

ಆ ಮುದ್ದೆಯನ್ನು ಯಾರಿಗೆ ಹಾಕುವುದೆಂದು ಗೊತ್ತಾಗದೆ ಬೆಟ್ಟಮ್ಮ ಸ್ವಲ್ಪ ಹೊತ್ತು ಹಾಗೇ ಇಟ್ಟಿದ್ದಳು. ಕೊನೆಗೆ ಓರಗಿತ್ತಿಯ ತಟ್ಟೆಗೇ ಹಾಕಿದಳು.

ಮೂರನೆಯ ದಿನ ಕುಳ್ಳಮ್ಮ ಓಡಿಬಂದಳು. ಅವಳು ಪಟ್ಟಣದ ರೈಲು ನಿಲ್ದಾಣದಲ್ಲಿ ಮಜ್ಜಿಗೆ ಮಾರುವ ಮುದುಕಿ. ರೈಲಿನಲ್ಲಿ ಪೇಪರು ಓದುತ್ತಿದ್ದ ಒಬ್ಬ ವಕೀಲರು ಪಕ್ಕದವರಿಗೆ ಹೇಳುತ್ತಿದ್ದರಂತೆ: ಕಲ್ಕತ್ತೆಯಲ್ಲಿ ಮೈಸೂರು ಸೀಮೆಯವನೊಬ್ಬ ಜಪಾನಿನವನಿಗಿಂತ ಮುಂಚೆ ಗೋಡೆ ಮುಟ್ಟಿದ. ಅಷ್ಟು ಕೇಳಿಸಿತು, ರೈಲು ಹೊರಟಿತು.

ಚಿಕ್ಕಬೋರಮ್ಮ ಕುಳ್ಳಮ್ಮನ ಕೈಗೆ ಒಂದು ಸೇರು ಅಕ್ಕಿ ಹಾಕಿದರು. ನಂಜಪ್ಪ ಯಾರೂ ಹೇಳದೆಯೇ ಹೋಗಿ ಎರಡು ಅಚ್ಚು ಬೆಲ್ಲ ತಂದ. ಹೆಸರುಬೇಳೆ ಪಾಯಸವಾಯಿತು. ಬೀದಿಯ ಹನ್ನೊಂದು ಮನೆಗೂ ಹೋಯಿತು. ಕೊಡಲು ಹೋದವಳು ಬೆಟ್ಟಮ್ಮ. ಅವಳೇ ಎಲ್ಲ ಮನೆಯಲ್ಲೂ ನಿಂತು, ಸಾರು ತುಳುಕದ ಹಾಗೆ ಈಜುತ್ತಿದ್ದ ನಮ್ಮ ಮೈದುನ ಎಂದು ಹೇಳಿ ಬಂದಳು. ಅಂದಾನಯ್ಯ ಜಗಲಿಯ ಮೇಲೆ ಕೂತು ಹೋಗುವವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ನಾ ಬರೆಸಿದ್ದೆ ಕಣ್ಲಾ, ಮೇಲ್ಮುಖ ಬುಡಬ್ಯಾಡ ಅಂತ."

ಪುಟ್ಟಲಕ್ಷ್ಮಿ ತವರಿನ ತಗಡಿನ ಪೆಟ್ಟಿಗೆ ತೆಗೆದಳು. ಎರಡು ಸೀರೆಗಳನ್ನು ಹಿತ್ತಲಲ್ಲಿ ಬಿಸಿಲಿಗೆ ಹರವಿದಳು. ಅತ್ತೆ ನೋಡಿದರು. ಎರಡಂಕಣದ ಮನೆಯಲ್ಲಿ ಒಲೆ ಯಾವ ಮೂಲೆಗಿರುತ್ತದೋ ಎಂದು ಅವಳು ಸೀರೆ ಮಡಿಸುತ್ತ ಮನಸ್ಸಿನಲ್ಲೇ ನೋಡಿಕೊಂಡಳು. ಬಾಗಿಲ ಎದುರಿಗಿದ್ದರೆ ಹೊಗೆ ಹೋಗುತ್ತದೆ. ಗುರಿ ತಪ್ಪದೆ ನೆಟ್ಟಗೆ ಹೋಗಿದ್ದಾರೆ ಅವರು. ತಾನು ಬರೆಯದಿದ್ದರೂ ಅವರಿಗೇ ತಿಳಿದಿದೆ. ಸೀರೆಯ ಅಂಚಿಗೆ ಅಂಚು ಕೂಡಿಸಿ, ಎರಡು ಸಲ ಬಿಚ್ಚಿ ಎರಡು ಸಲ ಮಡಿಸಿದಳು.

ಕಾಗದ ಬಂದದ್ದು ಮಹಾಲಯ ಅಮಾವಾಸ್ಯೆಯ ಮಾರನೆಯ ದಿನ. ಮಳೆಯಾಗಿ ನಂಜಪ್ಪನೂ ಮನೆಯಲ್ಲೇ ಇದ್ದ. ದ್ಯಾವಯ್ಯ ಪಾಯಸದ ಋಣಕ್ಕೆ ಛತ್ರಿ ಮಡಿಸಿ ಜಗಲಿಯಲ್ಲೇ ಕೂತ. ಪುಟ್ಟಲಕ್ಷ್ಮಿ ಲಕೋಟೆ ಒಡೆದಳು. ನಿಂತುಕೊಂಡೇ ಓದಿದಳು.

"ತೀರ್ಥರೂಪು ತಂದೆಯವರಿಗೆ ಸಾಷ್ಟಾಂಗ ನಮಸ್ಕಾರಗಳು. ಪಂದ್ಯ ಆಯಿತು. ಗೋಡೆಯನ್ನು ಮೊದಲು ಮುಟ್ಟಿದವನು ನಾನೇ. ಜಪಾನಿನವನು ಒಂದು ಮೊಳ ಹಿಂದೆ ಇದ್ದ."

"ಊಂ, ಮುಂದಕ್ಕೆ" ಅಂದರು ಮಾವ.

"ಆದರೆ ಬರುವಾಗ ನನ್ನ ಕೈ ಹಗ್ಗ ದಾಟಿ ಪಕ್ಕದ ಹಾದಿಗೆ ಹೋಯಿತು. ಅಲ್ಲಿದ್ದ ಬರ್ಮಾದವನ ಭುಜಕ್ಕೆ ಬಡಿಯಿತು. ಅವನು ತಡವರಿಸಿದ. ಪಂಚಾಯ್ತಿ ಹೇಳುವವರು ನನ್ನ ಹೆಸರು ಹೊಡೆದುಹಾಕಿದರು. ಮೊದಲು ಮುಟ್ಟಿದ್ದು ಲೆಕ್ಕಕ್ಕೆ ಬರುವುದಿಲ್ಲವಂತೆ."

ಮಳೆನೀರು ಸೂರಿನಿಂದ ಕೆಳಗಿಟ್ಟ ಗಡಿಗೆಗೆ ಬೀಳುತ್ತಿತ್ತು. ಪುಟ್ಟಲಕ್ಷ್ಮಿಯ ಕಣ್ಣು ಮುಂದಿನ ಸಾಲಿಗೆ ಹೋಯಿತು. ಅಲ್ಲಿ ಹೀಗಿತ್ತು: ತಾವು ಬರೆಸಿದ ಕಾರ್ಡು ಎಲ್ಲೆಲ್ಲೋ ಸುತ್ತಿ ಪಂದ್ಯದ ಹಿಂದಿನ ದಿನ ಬಂತು. ಅಲ್ಲಿಯವರೆಗೆ ಕೈಯನ್ನು ಹತೋಟಿಯಲ್ಲಿಟ್ಟು ನೆಟ್ಟಗೆ ಹೋಗುವುದನ್ನು ಕಲಿಯುತ್ತಿದ್ದೆ. ಕಾರ್ಡು ನೋಡಿ ಧೈರ್ಯ ಬಂತು. ತಾವು ಹೇಳಿದ ಹಾಗೆಯೇ ಮೇಲ್ಮುಖ ಹಿಡಿದು ಈಜಿದೆ.

ಅವಳು ಮಾವನ ಕಡೆ ನೋಡಿದಳು. ಆ ಸಾಲುಗಳನ್ನು ದಾಟಿ ಕೆಳಗಿನದನ್ನು ಓದಿದಳು.

"ಇಲ್ಲಿಯ ಒಂದು ಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಕೆಲಸ ಕೊಡುತ್ತೇವೆ ಎನ್ನುತ್ತಾರೆ. ಒಬ್ಬನಿಗೆ ಸಾಕಾಗುವಷ್ಟು ಸಂಬಳ, ಮಲಗಲು ಜಾಗ. ಒಂದು ವರ್ಷ ಹೊಳೆಗೆ ಇಳಿಯದೆ ನಿಂತ ನೀರಿನಲ್ಲೇ ಇದ್ದರೆ ಕೈ ನೆಟ್ಟಗಾಗುತ್ತದೆಂದು ಮೇಷ್ಟ್ರ ಅಭಿಪ್ರಾಯ. ಬರುವ ವರ್ಷ ಮತ್ತೆ ಪಂದ್ಯ ಇದೆ. ಇರಲೋ ಬರಲೋ, ತಾವು ಬರೆಸಿದ ಹಾಗೆ ನಡೆಯುತ್ತೇನೆ. ಮನೆಯವರೆಲ್ಲರೂ ಕ್ಷೇಮವೆಂದು ನಂಬಿದ್ದೇನೆ."

ಆಮೇಲೆ ಅಂದಾನಯ್ಯ, "ನಾ ಬರೆಸಿದ್ದು ತಲುಪ್ತಂತಾ?" ಎಂದು ಕೇಳಿದರು.

"ತಲುಪ್ತಂತೆ, ಮಾವ" ಅಂದಳು. ಕಾಗದವನ್ನು ಮಡಿಸಿ ಸೆರಗಿನೊಳಗೆ ಹಿಡಿದುಕೊಂಡಳು.

ಆಮೇಲೆ ಬಾಯಿ ಬಿಟ್ಟವರು ಚಿಕ್ಕಬೋರಮ್ಮ. ಪಾಯಸ ಹಂಚಿದ ಮನೆಗಳಿಗೆ ಯಾವ ಮುಖ ಹೊತ್ತುಕೊಂಡು ಹೋಗಲಿ ಎಂದರು. ಈಜೂ ಬೇಡ ಗೀಜೂ ಬೇಡ, ನಾಳೆಯೇ ಬಂದುಬಿಡು ಎಂದು ಬರೆಸಿ, ಬಂದು ಗದ್ದೆ ನೋಡಿಕೊಂಡಿರಲಿ ಎಂದರು. ಆ ಮಾತಿಗೆ ಬೆಟ್ಟಮ್ಮ ತಲೆಯಾಡಿಸಿದಳು. ಪುಟ್ಟಲಕ್ಷ್ಮಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಅತ್ತೆ ಅಷ್ಟು ಚೆನ್ನಾಗಿ ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ.

"ಬ್ಯಾಡ ಕಣವ್ವ" ಅಂದವನು ನಂಜಪ್ಪ. ಮೂಲೆಯಲ್ಲಿ ಹಗ್ಗ ಹೊಸೆಯುತ್ತಿದ್ದವನು ಅದನ್ನು ಕೆಳಗಿಟ್ಟ. "ಅವ ಮೊದ್ಲು ಮುಟ್ಟವ್ನೆ. ಜಪಾನಿನೋನ್ಗಿಂತ ಮುಂಚೆ. ಅದು ಸುಳ್ಳಾಯ್ತದಾ? ಇನ್ನೊಂದು ವರ್ಷ ತಾನೆ, ಇರ್ಲಿ ಬುಡು. ಗದ್ದೆ ನಾ ನೋಡ್ಕೋತೀನಿ."

"ನೆನ್ನೆಗಂಟ ಬಯ್ತಿದ್ದೋನು ನೀನೇಯಾ" ಅಂದರು ಅವನ ತಾಯಿ.

"ಬಯ್ತಿದ್ದೆ. ಈಗ ಇರ್ಲಿ ಅಂತೀನಿ. ಈಗ ಬಂದ್ರೆ ಅವ ತಲೆ ತಗ್ಗಿಸ್ಕೊಂಡು ಬತ್ತಾನೆ. ಹಂಗೆ ಅವನ್ನ ನಾ ನೋಡಾಕಿಲ್ಲ."

ಬೆಟ್ಟಮ್ಮ ಗಂಡನನ್ನು ದಿಟ್ಟಿಸಿದಳು, ಅವನು ಯಾರೋ ಹೊಸಬನೆಂಬಂತೆ. ಅವನ ಕಾಲಬೆರಳ ಸಂದಿನ ಹುಣ್ಣು ಇನ್ನೂ ಮಾದಿರಲಿಲ್ಲ. ತಾಯಿ ಮಗ ಒಂದಕ್ಕೊಂದು ಆಡಿದರು. ಒಬ್ಬನಿಗೆ ಸಾಕಾಗುವಷ್ಟು ಸಂಬಳ ಎಂದರೆ ಊಟಕ್ಕೆ ಏನು ಮಾಡುತ್ತಾನೆ ಎಂದು ತಾಯಿ. ಅಲ್ಲಿ ಅನ್ನ ಮೀನು ಧಾರಾಳ ಎಂದು ಮಗ. ಮೀನು ತಿಂದು ಬರುತ್ತಾನೆಯೇ ಎಂದು ತಾಯಿ ಕಣ್ಣೊರೆಸಿಕೊಂಡರು. ಅಂದಾನಯ್ಯ ಇಬ್ಬರ ಮಾತಿಗೂ ಸೇರದೆ ಮಳೆ ನೋಡುತ್ತ ಕೂತಿದ್ದರು. ಕೊನೆಗೆ ಎಲೆಯಡಿಕೆ ಉಗಿದು ಬಂದು, ಕಂಬಕ್ಕೆ ಒರಗಿದರು.

"ಕಾರ್ಡು ತಕೊ ಅಮ್ಮಿ" ಅಂದರು. "ದ್ಯಾವಯ್ಯ, ಇರು. ಈಗ್ಲೇ ತಕ್ಕೊಂಡೋಗೀವಂತೆ."

ಪುಟ್ಟಲಕ್ಷ್ಮಿ ಕರಟ ತಂದಳು. ಹಳೆಯ ಮಸಿ ತಳದಲ್ಲಿ ಒಣಗಿ ಅಂಟಿತ್ತು. ಇನ್ನೊಂದು ಬಿಲ್ಲೆ ಹಾಕಿದಳು. ನೀರು ಬಿಸಿ ಮಾಡಲು ಹೊತ್ತಿರಲಿಲ್ಲ, ಗಡಿಗೆಯ ಮಳೆನೀರನ್ನೇ ಹಾಕಿ ಕದಡಿದಳು. ತಣ್ಣೀರಿಗೆ ಬಿಲ್ಲೆ ಬೇಗ ಕರಗಲಿಲ್ಲ. ಅವಳೂ ಅವಸರ ಮಾಡಲಿಲ್ಲ.

ಮಾವ ಹೇಳಿದರು, ಅವಳು ಬರೆದಳು. ಇತ್ತ ಕ್ಷೇಮ. ನಿನ್ನ ಕಾಗದ ಬಂತು. ಅಲ್ಲಿಯೇ ಇರು. ಗೆದ್ದು ಬಾ. ಗದ್ದೆಯನ್ನು ನಿಮ್ಮ ಅಣ್ಣ ನೋಡಿಕೊಳ್ಳುತ್ತಾನೆ. ಮೈಗೆ ಎಣ್ಣೆ ಹಚ್ಚಿಕೊ. ಈಜಿನ ವಿಷಯ ಮಾವ ಈ ಸಲ ಒಂದು ಮಾತೂ ಬರೆಸಲಿಲ್ಲ.

"ಅಷ್ಟೇಯಾ. ಓದು" ಅಂದರು.

"ಚಿರಂಜೀವಿ..." ಎಂದು ಅವಳು ನಿಲ್ಲಿಸಿದಳು.

ಅತ್ತೆ ಮುಖ ತಿರುಗಿಸಿಕೊಂಡು ಕೂತಿದ್ದರು, ಹೆಸರು ಹೇಳಲಿಲ್ಲ. ನಂಜಪ್ಪ "ಚಿಕ್ಕಸ್ವಾಮಿ" ಅಂದ. ಅವಳು ಉಳಿದದ್ದನ್ನು ಓದಿ ಮುಗಿಸಿದಳು. ಮಾತು ಕಡಮೆಯಿತ್ತು. ಕಾರ್ಡಿನ ಅರ್ಧಕ್ಕೆ ಬರಹ ನಿಂತಿತ್ತು. ಕೆಳಗೆ ಎರಡು ಬೆರಳಲ್ಲ, ನಾಲ್ಕು ಬೆರಳಗಲ ಜಾಗ ಬೆಳ್ಳಗೆ ಉಳಿದಿತ್ತು.

ದ್ಯಾವಯ್ಯ ಹೊಸಿಲಾಚೆ ನಿಂತು ಕೈ ಚಾಚಿದ. ಪುಟ್ಟಲಕ್ಷ್ಮಿ ಕಾರ್ಡು ಕೊಡಲಿಲ್ಲ. ಮಣೆಯ ಮೇಲೆಯೇ ಅದನ್ನು ಅಂಗೈಯಲ್ಲಿ ಒತ್ತಿ ಹಿಡಿದಳು. ತಲೆ ಬಗ್ಗಿಸಿಯೇ ಇದ್ದಳು, ಆದರೆ ದನಿ ಎಲ್ಲರಿಗೂ ಕೇಳಿಸಿತು.

"ಕೆಳಗೆ ಜಾಗ ಐತೆ, ಮಾವ. ನಂದೂ ಒಂದು ಮಾತು ಬರೀಲಾ?"

ಬೆಟ್ಟಮ್ಮ ಕೈಲಿದ್ದ ಎಣ್ಣೆಬಟ್ಟಲನ್ನು ಕೆಳಗಿಟ್ಟಳು. ನಂಜಪ್ಪ ಹೊಸೆಯುತ್ತಿದ್ದ ಹಗ್ಗವನ್ನು ಮತ್ತೆ ಎತ್ತಿಕೊಂಡ. ಚಿಕ್ಕಬೋರಮ್ಮ ಗಂಡನ ಕಡೆ ನೋಡಿದರು. ಅಂದಾನಯ್ಯ ಹೊರಗೆ ನೋಡುತ್ತಿದ್ದರು. ಮೆಟ್ಟಿಲ ಕೆಳಗೆ ಹೊಳೆ ಕೆಂಪಗೆ ತುಂಬಿ ಹೋಗುತ್ತಿತ್ತು.

ಚೈತ್ರದ ನಿಂತ ನೀರಿನಲ್ಲಿ ಬಿದ್ದಲ್ಲೇ ಇದ್ದ ಅತ್ತಿಯೆಲೆ ಅವಳ ಕಣ್ಣಿಗೆ ಕಟ್ಟಿತು. ಅವಳು ಲೇಖನಿಯನ್ನು ಕರಟದಲ್ಲಿ ಅದ್ದಿದಳು.

"ಒಂದೇ ಸಾಲು, ಮಾವ" ಅಂದಳು.